ಲೂಟಿ ಎಂದ ಬಾಯಿ

ಆ ಶನಿವಾರ ಹತ್ತನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ ‘ಲೂಟ್’ ಎಂಬ ಪದ ಬಂದಿತ್ತು. ಅದು ಇಂಗ್ಲಿಷರ ಸ್ವಂತ ಪದವಲ್ಲ ಎಂದು ನಾನು ಹೇಳಿದಾಗ ಮಕ್ಕಳು ಕಿವಿ ನಿಮಿರಿಸಿದರು. ಕಂಪನಿಯ ಕಾಲದಲ್ಲಿ ಇಲ್ಲಿಗೆ ಬಂದವರ ಕಿವಿಗೆ ಹಿಂದಿಯ ‘ಲೂಟ್’ ಬಿತ್ತು. ಗೆದ್ದ ಕಡೆ ದೋಚಿದ ಮಾಲಿಗೆ ಅದೇ ಹೆಸರಿಟ್ಟು, ಮಾಲಿನ ಜೊತೆ ಪದವನ್ನೂ ಹಡಗು ಹತ್ತಿಸಿದರು. ಅದರ ಬೇರು ಸಂಸ್ಕೃತದಲ್ಲಿದೆ, ನಮ್ಮ ಲೂಟಿಯೂ ಅದೇ ಬಳಗದ್ದು ಎಂದೆ.

“ಅಂದ್ರ ಲೂಟಿ ಅನ್ನೋ ಮಾತನ್ನೂ ಲೂಟಿ ಮಾಡ್ಯಾರೇನ್ರಿ ಟೀಚರ್?” ಎಂದಳು ಒಬ್ಬ ಹುಡುಗಿ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮರುದಿನ ಹೇಮಗುಡ್ಡದ ಕಡೆಗಿರುವ ನಮ್ಮ ಗದ್ದೆಗೆ ಹೋದೆ. ಅತ್ತೆ ತೀರಿಕೊಂಡ ಮೇಲೆ ಅದು ಮೊದಲ ಸುಗ್ಗಿ. ಭತ್ತ ಕೊಯ್ಯುವ ಮಷಿನ್ ಆಗಲೇ ಪಕ್ಕದ ಗದ್ದೆಗೆ ದಾಟಿತ್ತು. ನಮ್ಮ ಗದ್ದೆಯ ಮೂಲೆಯಲ್ಲಿ ಮೂವರು ಹೆಂಗಸರು ಬಗ್ಗಿ ತೆನೆ ಆರಿಸಿ ಚೀಲಕ್ಕೆ ತುಂಬುತ್ತಿದ್ದರು.

“ಏನಿದು? ಯಾರೂ ಇಲ್ಲಂತ ಲೂಟಿ ಮಾಡಾಕ ಹತ್ತೀರೇನು?” ಎಂದೆ.

ಅವರಲ್ಲಿ ವಯಸ್ಸಾದವಳು ಸೊಂಟ ಹಿಡಿದು ನೆಟ್ಟಗಾದಳು. “ಲೂಟಿ ಅಲ್ರಿ ಅಕ್ಕಾರ, ಹಕ್ಕಲ ಆರಸಾಕ ಹತ್ತೀವಿ. ನಿಮ್ಮ ಅತ್ತಿ ದೊಡ್ಡವ್ವಾರು ಇದ್ದಾಗ ಪ್ರತಿ ಸುಗ್ಗಿಗೂ ಬರ್ತಿದ್ವಿ.”

ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ತೆನೆ, ಅಂದರೆ ಹಕ್ಕಲು, ಆರಿಸುವವರ ಪಾಲು ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೂ ಆಡಿದ ಮಾತಿನಿಂದ ಹಿಂದೆ ಸರಿಯಲು ಮನಸ್ಸಾಗಲಿಲ್ಲ. “ಒಂದು ಮಾತು ಕೇಳಿ ಬರಬೇಕಿಲ್ಲೇನು?” ಎಂದೆ.

ಅವಳು ಚೀಲವನ್ನು ಬದುವಿನ ಮೇಲೆ ಮಗುಚಿ, ಮಡಿಲನ್ನೂ ಕೊಡವಿದಳು. ಉಳಿದಿಬ್ಬರೂ ಹಾಗೇ ಮಾಡಿದರು. “ಬ್ಯಾಡ್ರಿ, ಒಯ್ಯರಿ,” ಎಂದೆ. “ಇರಲಿ ಬಿಡ್ರಿ,” ಎಂದು ಹೊರಟೇಬಿಟ್ಟರು.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಅವ್ವ ಅವರಿಗಂತ ಮೂಲ್ಯಾಗ ಒಂದಿಷ್ಟು ಕೊಯ್ಯಿಸದನ ಬಿಡ್ತಿದ್ಲು,” ಎಂದಷ್ಟೇ ಹೇಳಿದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆ ವಾರವೆಲ್ಲ ಉಣ್ಣುವಾಗ ಬದುವಿನ ಮೇಲಿನ ಆ ತೆನೆಯ ಗುಡ್ಡೆಯೇ ಕಣ್ಣಿಗೆ ಬರುತ್ತಿತ್ತು.

ಮುಂದಿನ ಭಾನುವಾರ ಆ ಹೆಂಗಸರನ್ನು ಹುಡುಕಿಕೊಂಡು ಹೋದಾಗ ಕಾಲುವೆ ದಾರಿಯಲ್ಲಿ ಸಿಕ್ಕರು. “ನನ್ನ ಮಾತು ತಪ್ಪಾತು. ಬರ್ರಿ, ನಮ್ಮ ಗದ್ದ್ಯಾಗ ಆರಿಸ್ಕೊಳ್ರಿ,” ಎಂದೆ.

“ನಿಮ್ಮ ಗದ್ದ್ಯಾಗ ಮೊನ್ನೇನ ಕುರಿ ಬಿಟ್ಟಾರ್ರಿ ಅಕ್ಕಾರ,” ಎಂದಳು ವಯಸ್ಸಾದವಳು. “ಈಗ ಏನೂ ಉಳಿದಿಲ್ಲ.”

“ಮುಂದಿನ ಸುಗ್ಗಿಗಾದ್ರೂ ಬರ್ತೀರಿಲ್ಲ?”

“ನೋಡೂಣ್ರಿ,” ಎಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮುಂದೆ ಹೋಗುತ್ತಿದ್ದ ಇಬ್ಬರನ್ನು ಕೂಡಿಕೊಳ್ಳಲು ಬೇಗಬೇಗ ನಡೆದಳು.