ರೈಲು ಹಳಿ ಪಕ್ಕದ ಗೋರಿ

೨೦೦೬ರ ನವೆಂಬರ್ ಎರಡು, ಗುರುವಾರ, ಬೆಳಿಗ್ಗೆ ಏಳು ಗಂಟೆ. ಬ್ಯಾಡಗಿಯ ರೈಲು ನಿಲ್ದಾಣದಿಂದ ತುಸು ದೂರದಲ್ಲಿ, ಹಳಿಯ ಪಕ್ಕದ ಒಂಟಿ ಗೋರಿಯ ಬಳಿ ನಾವು ಮೂವರಿದ್ದೆವು: ನಾನು, ನನ್ನ ತಾಯಿಯ ತಂಗಿಯಾದ ಚಿಗವ್ವ, ಮತ್ತು ರಾಣೇಬೆನ್ನೂರಿನಿಂದ ಹೆಸರಿನ ಕಲ್ಲು ತಂದಿದ್ದ ಗಾರೆ ಕೆಲಸದ ಗೌಂಡಿ. ಕಲ್ಲು ಇನ್ನೂ ಗೂಡ್ಸ್ ಆಟೋದಲ್ಲೇ ಇತ್ತು. ಸುಣ್ಣದ ಬಕೆಟ್ಟು, ಕುಂಚ, ಒಂದು ಪುಟ್ಟಿ ಚೆಂಡು ಹೂವು, ಮೇಣದ ಬತ್ತಿ ಎಲ್ಲವನ್ನೂ ಗೋರಿಯ ಬದಿಗೆ ಸಾಲಾಗಿ ಇಟ್ಟಿದ್ದೆ. ನನ್ನ ಕೈಚೀಲದಲ್ಲಿ ಇಂಗ್ಲೆಂಡಿನಿಂದ ಬಂದ ಇ-ಮೇಲಿನ ಪ್ರಿಂಟ್ ಇತ್ತು. ಅದರಲ್ಲಿ ಏನಿದೆ ಎಂಬುದು ಚಿಗವ್ವನಿಗೆ ಇನ್ನೂ ಗೊತ್ತಿರಲಿಲ್ಲ.

ಅಂದು ಸತ್ತವರ ದಿನ. ನಮ್ಮಂಥ ಕ್ರೈಸ್ತ ಮನೆಗಳಲ್ಲಿ ಆ ದಿನ ಗೋರಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಬತ್ತಿ ಹಚ್ಚುತ್ತಾರೆ. ಉಳಿದವರೆಲ್ಲ ಚರ್ಚಿನ ಸ್ಮಶಾನಕ್ಕೆ ಹೋದರೆ ಚಿಗವ್ವ ಮೊದಲು ಈ ಹಳಿಯ ಪಕ್ಕಕ್ಕೆ ಬರುತ್ತಿದ್ದಳು. ಮದುವೆಯಾಗಿ ಬ್ಯಾಡಗಿಗೆ ಬಂದಂದಿನಿಂದ ಅದು ಒಂದು ವರ್ಷವೂ ತಪ್ಪಿರಲಿಲ್ಲ. ಅವಳ ಗಂಡ, ನಮ್ಮ ಚಿಗಪ್ಪ, ಈ ನಿಲ್ದಾಣದಲ್ಲಿ ಗಾಡಿಗಳಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಅವನು ತೀರಿಕೊಂಡ ವರ್ಷವೂ ಅವಳು ಮೊದಲು ಬಂದದ್ದು ಇಲ್ಲಿಗೇ. ಗಂಡನ ಗೋರಿ ಆಮೇಲೆ. ಯಾಕೆಂದರೆ ಇದು ಅವಳ ಅಜ್ಜನ ಗೋರಿ ಎಂದು ನಾವೆಲ್ಲ ನಂಬಿದ್ದೆವು.

ಆ ಅಜ್ಜ, ಅಂದರೆ ನನ್ನ ಮುತ್ತಜ್ಜ, ಇಂಗ್ಲೆಂಡಿನವನು. ತುಂಗಭದ್ರೆಗೆ ರೈಲು ಸೇತುವೆ ಕಟ್ಟುವಾಗ ಅಲ್ಲಿ ಓವರ್ಸಿಯರ್ ಆಗಿದ್ದನಂತೆ. ಮಗಳಿನ್ನೂ ತೊಟ್ಟಿಲಲ್ಲಿದ್ದಾಗ ಜ್ವರ ಬಂದು ಸತ್ತ. ಮಗಳ ತಾಯಿ ಇಲ್ಲಿಯವಳು. ಕೂಸನ್ನು ಸನ್ಯಾಸಿನಿಯರ ಮಠಕ್ಕೆ ಒಪ್ಪಿಸಿ ಹೋದವಳು ಮತ್ತೆ ಬರಲಿಲ್ಲ. ಆ ಕೂಸೇ ನನ್ನ ಅಜ್ಜಿ. ಅಪ್ಪನಿಂದ ಅವಳಿಗೆ ಬಂದ ಆಸ್ತಿಯೆಂದರೆ ಬೆಕ್ಕಿನ ಕಣ್ಣು. ಅದು ಚಿಗವ್ವನಿಗೂ ಇಳಿದಿತ್ತು. ನನ್ನವರೆಗೆ ಬರಲಿಲ್ಲ.

ಚಿಗವ್ವನ ಮದುವೆಯಾದ ವರ್ಷವೇ ಅಜ್ಜಿ ಮಗಳ ಮನೆಗೆಂದು ಬ್ಯಾಡಗಿಗೆ ಬಂದಿದ್ದಳು. ಸಂಜೆ ಹಳಿಯ ಗುಂಟ ಅಡ್ಡಾಡುವಾಗ ಶಿಲುಬೆಯಿದ್ದ ಈ ಗೋರಿ ಕಂಡಿತು. ಹೆಸರಿನ ಫಲಕವನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಅದು ಕೂತಿದ್ದ ಗುಳಿ ಮಾತ್ರ ಉಳಿದಿತ್ತು. ಅಜ್ಜಿ ಬಹಳ ಹೊತ್ತು ನಿಂತು, “ನಮ್ಮಪ್ಪಂದು ಇದs ಇರಬೇಕು” ಅಂದಳಂತೆ. ರೈಲಿನ ಕೆಲಸದ ಸಾಹೇಬ, ರೈಲಿನ ಪಕ್ಕದ ಗೋರಿ, ಇನ್ನೇನು ಬೇಕು? ಅಜ್ಜಿ ಊಹಿಸಿ ಆಡಿದ ಮಾತು ಚಿಗವ್ವನ ಕೈಯಲ್ಲಿ ವರ್ಷಕ್ಕೊಮ್ಮೆ ಸುಣ್ಣ ಬಳಿಸಿಕೊಂಡು ಗಟ್ಟಿಯಾಯಿತು. ನಾವು ಮಕ್ಕಳು ಹುಟ್ಟುವ ಹೊತ್ತಿಗೆ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ನಾನು ಅದೇ ಸನ್ಯಾಸಿನಿಯರ ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಬಡಿದಾಗ ಏಳಬೇಕು, ಗಂಟೆ ಬಡಿದಾಗ ಉಣ್ಣಬೇಕು, ಹಾಸಿಗೆಯ ಮೂಲೆ ಮಡಚಿದ್ದು ಸೊಟ್ಟಗಿದ್ದರೆ ಮತ್ತೆ ಮಡಚಬೇಕು. ಆಮೇಲೆ ನರ್ಸ್ ಆದೆ, ಮೇಟ್ರನ್ ಆಗಿ ನಿವೃತ್ತಳಾಗಿ ಹಾವೇರಿಯಲ್ಲಿ ಮನೆ ಮಾಡಿದೆ. ಕೆಲಸವಿಲ್ಲದೆ ಕೂರುವುದು ನನಗೆ ಬಾರದು. ಇದನ್ನು ಬಲ್ಲ ಚಿಗವ್ವ ಒಂದು ದಿನ ಹೇಳಿದಳು:

“ಮಂದಿ ಮನಿ ಚಾದರ ತಿದ್ದಿದ್ದು ಸಾಕು. ನಾ ಹೋಗೂದ್ರೊಳಗ ನಮ್ಮಜ್ಜನ ಗೋರಿಗೊಂದು ಹೆಸರು ಹಾಕಿಸವ್ವ. ಸಾಕಿದ ನಾಯಿಗೂ ಒಂದು ಹೆಸರಿರ್ತೈತಿ.”

ಅಜ್ಜನ ಪೂರ್ತಿ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಮೊದಲು ಹುಡುಕಿದ್ದು ಅಜ್ಜಿಯ ಜ್ಞಾನಸ್ನಾನದ ದಾಖಲೆಯನ್ನು. ಮಠದ ಹಳೆಯ ಪುಸ್ತಕಗಳು ಚರ್ಚಿನಿಂದ ಚರ್ಚಿಗೆ ಹೋಗಿ, ಕಡೆಗೆ ಯಾವುದೋ ಊರಿನ ಪಾದ್ರಿಗಳ ಮನೆಯ ಕಪಾಟು ಸೇರಿದ್ದವು. ಗೆದ್ದಲು ಅರ್ಧ ತಿಂದಿತ್ತು. ಉಳಿದರ್ಧ ಲ್ಯಾಟಿನ್. ಅಲ್ಲಿಯ ಮುದಿ ಫಾದರ್ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ತಂದೆಯ ಹೆಸರು, ಸೇತುವೆಯ ಕೆಲಸ, ಮೃತ. ಅಷ್ಟೇ. ಆದರೂ ಹೆಸರು ಸಿಕ್ಕಿತ್ತು. ಹೆಚ್ಚಿನ ವಿವರ ಹುಡುಕಲು ಹಾವೇರಿಯ ಸೈಬರ್ ಸೆಂಟರಿಗೆ ಹೋಗುವ ಮೊದಲು ನಾನು ಬ್ಯಾಡಗಿಯ ಬಸ್ಸು ಹತ್ತಿದೆ. ಚಿಗವ್ವ ಆ ಹೆಸರನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು. ಅವಳ ನಾಲಿಗೆಗೆ ಅದು ಹತ್ತಲಿಲ್ಲ. “ಇರಲಿ, ಕಲ್ಲಿಗೆ ಹತ್ತಿದ್ರ ಸಾಕು” ಎಂದು ಅವತ್ತೇ ಗೌಂಡಿಗೆ ಹೇಳಿ ಕಳಿಸಿದಳು.

ಸತ್ತ ದಿನವೂ ಕಲ್ಲಿನ ಮೇಲೆ ಇರಲಿ ಎಂದು ಹುಡುಕಾಟ ಮುಂದುವರಿಸಿದ್ದು ನಾನು. ಅವಳು ಕೇಳಿರಲಿಲ್ಲ. ಆ ಕಾಲದಲ್ಲಿ ಇಲ್ಲಿ ಸತ್ತ ಇಂಗ್ಲಿಷರ ದಫನಿನ ವಿವರ ಮುಂಬಯಿಗೆ ಹೋಗಿ, ಅದರ ಒಂದು ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಲಂಡನ್ನಿನ ಪ್ರತಿಗಳನ್ನು ಪರರಿಗಾಗಿ ಹುಡುಕಿಕೊಡುವ ಒಬ್ಬ ವೃದ್ಧರ ವಿಳಾಸ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಸಿಕ್ಕಿತು. ಅವರು ನನ್ನ ಹಾಗೆಯೇ ಶಿಸ್ತಿನವರಿರಬೇಕು. ಪ್ರತಿ ಸೋಮವಾರ ಉತ್ತರ ಬರುತ್ತಿತ್ತು. ಪ್ರತಿ ಸೋಮವಾರವೂ ಅದೇ ಉತ್ತರ: ಮುಂಬಯಿ ಪ್ರಾಂತ್ಯದ ದಾಖಲೆಗಳಲ್ಲಿ ಈ ಹೆಸರಿಲ್ಲ. ಆಮೇಲೊಮ್ಮೆ ಅವರು ಒಂದು ಪ್ರಶ್ನೆ ಕೇಳಿದರು. ಸೇತುವೆಗೆ ಎರಡು ದಡಗಳಿರುತ್ತವಲ್ಲ, ನಿಮ್ಮವರು ಯಾವ ದಡದಲ್ಲಿ ಸತ್ತರು?

ಅದು ನನ್ನ ತಲೆಗೆ ಬಂದೇ ಇರಲಿಲ್ಲ. ಹೊಳೆಯ ಈಚೆ ದಂಡೆಯ ಕುಮಾರಪಟ್ಟಣದಲ್ಲಿ ನಿಂತರೆ ಎದುರು ದಂಡೆಗೆ ಹರಿಹರ. ನಮ್ಮವರು ಈಚೆಯಿಂದ ಆಚೆಗೆ ಸಂತೆಗೆ ಹೋಗುತ್ತಾರೆ, ಹೆಣ್ಣು ತರುತ್ತಾರೆ. ಆದರೆ ಅಂದು ಈಚೆಯ ದಡ ಮುಂಬಯಿ ಪ್ರಾಂತ್ಯ, ಆಚೆಯದು ಮೈಸೂರು ಸೀಮೆ. ಅಲ್ಲಿ ಸತ್ತ ಇಂಗ್ಲಿಷರ ಲೆಕ್ಕ ಹೋಗುತ್ತಿದ್ದದ್ದು ಮದ್ರಾಸಿಗೆ. ಅವರು ಮದ್ರಾಸಿನ ದಾಖಲೆ ತೆಗೆದರು. ಹೆಸರು, ಕೆಲಸ, ಜ್ವರ, ಎಲ್ಲ ಹೊಂದಿತು. ಹರಿಹರದ ಬದಿಯ ಹೊಳೆದಂಡೆಯಲ್ಲಿ ಮಣ್ಣು ಮಾಡಲಾಗಿದೆ ಎಂದಿತ್ತು.

ಆ ಹೊತ್ತಿಗೆ ಕಲ್ಲಿನ ಮೇಲೆ ಹೆಸರು ಕೊರೆದಾಗಿತ್ತು. ನಾನೊಬ್ಬಳೇ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಹೊಳೆಯ ದಂಡೆಗುಂಟ ನೋಡಿ ಬಂದೆ. ಇಟ್ಟಿಗೆ ಭಟ್ಟಿಗಳಿದ್ದವು, ಭತ್ತದ ಗದ್ದೆಗಳಿದ್ದವು. ಗೋರಿಯೆಂಬುದು ಒಂದೂ ಇರಲಿಲ್ಲ. ಕೇಳಿದರೆ ಭಟ್ಟಿಯವರು ನಕ್ಕರು.

ಆ ಗುರುವಾರ ಬೆಳಿಗ್ಗೆ ಗೋರಿಯ ಬಳಿ ಎಲ್ಲ ಸಿದ್ಧವಾಗಿತ್ತು. “ಅಜ್ಜಿ, ಕಲ್ಲು ಇಳಿಸ್ಲ್ಯಾ? ಬಿಸಲು ಏರಿದ್ರ ಸಿಮೆಂಟ್ ಲಗೂ ಒಣಗಿ ಬಿರಕ್ ಬಿಡ್ತೈತಿ” ಎಂದು ಗೌಂಡಿ ಚಿಗವ್ವನನ್ನು ಕೇಳಿದ.

“ತಡಿಯಪ್ಪಾ, ನಮ್ಮ ಮೇಟ್ರನ್ ಬಾಯಾರು ಇನ್ನೂ ಆರ್ಡರ್ ಕೊಟ್ಟಿಲ್ಲ” ಎಂದು ಚಿಗವ್ವ ನನ್ನತ್ತ ನೋಡಿ ನಕ್ಕಳು. ಹೊಸ ಸೀರೆ ಉಟ್ಟಿದ್ದಳು.

“ಚಿಗವ್ವಾ, ಇಲ್ಲಿ ಕುಂದರು. ಒಂದು ಮಾತೈತಿ” ಅಂದೆ.

“ನಿಂತಲ್ಲೇ ಹೇಳು. ಕುಂತ್ರ ಎಬ್ಬಿಸಾಕ ಇಬ್ಬರು ಬೇಕು.”

“ಅಜ್ಜ ಇಲ್ಲಿಲ್ಲ.”

“ಇಲ್ಲಂದ್ರ? ಎದ್ದು ಹ್ವಾದನೇನು?”

ಗೌಂಡಿ ದೊಡ್ಡದಾಗಿ ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ. ನಾನು ಪ್ರಿಂಟ್ ತೆಗೆದು, ಅದರಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಹೊಳೆಯ ಆಚೆ ದಂಡೆ ಎಂಬಲ್ಲಿಗೆ ಬಂದಾಗ ಗೌಂಡಿ ತಡೆಯಲಾರದೆ ಬಾಯಿ ಹಾಕಿದ.

“ಆಚೆ ದಂಡಿ, ಈಚೆ ದಂಡಿ ಅಂದ್ರೇನ್ರಿ ಅಕ್ಕಾರ? ನಮ್ಮದು ಈಚೆ ದಂಡಿ ಐರಣಿ. ನನ್ನ ಹೇಣ್ತಿ ಆಚೆ ದಂಡ್ಯಾಕಿ. ಹೊಳಿ ದಾಟಿದ್ರ ಮನಷ್ಯಾರು ಬ್ಯಾರೆ ಆಕ್ಕಾರೇನ್ರಿ?”

“ನೀ ಸುಮ್ನಿರೋ. ನಿನ್ನ ಹೇಣ್ತಿ ಕತಿ ಯಾರು ಕೇಳ್ಯಾರ” ಎಂದಳು ಚಿಗವ್ವ. ಆಮೇಲೆ ನನಗೆ: “ಯಾವಾಗ ಗೊತ್ತಾತು?”

“ಹ್ವಾದ ವಾರ.”

“ಹಂಗಾರ ಇನ್ನೊಂದಿನ ಹೊಟ್ಟ್ಯಾಗ ಇಟಗೊಳ್ಳಾಕ ಆಗ್ಲಿಲ್ಲೇನು? ನಾಳೆ ಹೇಳಿದ್ರ ಅಂವೇನು ಎರಡನೇ ಸಲ ಸಾಯ್ತಿದ್ದನ?”

“ಕಲ್ಲು ಕುಂದರಸೂಕಿಂತ ಮೊದಲ ಹೇಳಬೇಕಿತ್ತು. ಒಬ್ಬರ ಹಾಸಗಿಗೆ ಇನ್ನೊಬ್ಬರ ಹೆಸರಿನ ಚೀಟಿ ಹಚ್ಚಬಾರದು ಚಿಗವ್ವಾ.”

“ಇದು ನಿನ್ನ ವಾರ್ಡಲ್ಲ.”

ಆಸ್ಪತ್ರೆಯಲ್ಲಿ ಒಬ್ಬರ ಚೀಟಿ ಇನ್ನೊಬ್ಬರ ಹಾಸಿಗೆಗೆ ಹೋದರೆ ಜೀವ ಹೋಗುತ್ತದೆ. ಹೊಸ ನರ್ಸುಗಳಿಗೆ ನಾನು ಮೊದಲ ದಿನ ಕಲಿಸುತ್ತಿದ್ದದ್ದು ಅದನ್ನೇ. ಇಲ್ಲಿ ಹೋಗುವ ಜೀವ ಯಾವುದಿತ್ತು? ಹುಬ್ಬಳ್ಳಿ ಕಡೆಗೆ ಒಂದು ಗೂಡ್ಸ್ ಗಾಡಿ ಹೋಯಿತು. ಅದು ದಾಟುವವರೆಗೂ ಚಿಗವ್ವ ಶಿಲುಬೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಕೈ ತೆಗೆದಳು.

“ಹಂಗಾರ ಇಲ್ಲಿರಾಂವ ಯಾರು?”

“ಗೊತ್ತಿಲ್ಲ.”

“ಹುಡುಕಲಿಲ್ಲ?”

“ಇಲ್ಲ.”

ಗೌಂಡಿಗೆ ಪಾಪ ಅನ್ನಿಸಿರಬೇಕು. “ಅಜ್ಜಿ, ಹಚ್ಚಿಬಿಡೂಣ್ರಿ. ಇಷ್ಟು ವರ್ಷ ಸುಣ್ಣಾ ಬಳಿಸಿಕೊಂಡಾಂವ, ಒಂದು ಹೆಸರು ಕೊಟ್ರ ಒಲ್ಲೆ ಅಂತಾನೇನು?” ಎಂದ.

ಅವಳು ಹೂಂ ಅನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಇದನ್ನು ಬರೆಯುವಾಗಲೂ ಅಂದಿನ ಆ ಆಸೆ ನನಗೆ ಚೆನ್ನಾಗಿ ನೆನಪಿದೆ. ಹೂಂ ಅಂದಿದ್ದರೆ ನನ್ನ ಕೈಯಾರೆ ಸಿಮೆಂಟ್ ಕಲಸಿಕೊಡುತ್ತಿದ್ದೆ.

“ಬ್ಯಾಡ” ಅಂದಳು ಚಿಗವ್ವ. “ಇಂವನ ಮೊಮ್ಮಕ್ಕಳೂ ಎಲ್ಲೆರೆ ಇಂವನ್ನ ಹುಡುಕಾಕತ್ತಿದ್ರ? ನಮ್ಮ ಕಲ್ಲು ನೋಡಿ, ನಮ್ಮಂವ ಅಲ್ಲ ಅಂತ ಹೊಳ್ಳಿ ಹೋಗಿಬಿಡ್ತಾರ.”

ಹೂವಿನ ಪುಟ್ಟಿಯನ್ನು ತಾನೇ ಎತ್ತಿಕೊಂಡು ಹೋಗಿ ಆಟೋದಲ್ಲಿ ಕುಳಿತಳು. ಹರಿಹರಕ್ಕೆ ಹೋಗೋಣ, ಹೊಳೆಯ ದಂಡೆಯಲ್ಲಾದರೂ ಹೂವಿಟ್ಟು ಬರೋಣ ಎಂದು ನಾನು ಹಿಂದೆಯೇ ಹೋಗಿ ಕರೆದೆ.

“ನೀ ನೋಡಿ ಬಂದೀಯಲ್ಲ. ಅಲ್ಲಿ ಏನೈತಿ?”

“ಇಟ್ಟಂಗಿ ಭಟ್ಟಿ.”

“ಮತ್ತ?”

ಬಕೆಟ್ಟಿನ ತುಂಬ ಸುಣ್ಣವಿತ್ತು. ಹಿಂದಿನ ದಿನವೇ ಅವಳು ಅದನ್ನು ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಬಿಳುಪು ಎದ್ದು ಕಾಣಲೆಂದು ಚೂರು ನೀಲಿ ಬೆರೆಸಿದ್ದಳು. ಅದನ್ನು ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಕುಂಚ ಅದ್ದಿ ಬಳಿಯತೊಡಗಿದೆ. ಆ ಗೋರಿಗೆ ನಾನು ಸುಣ್ಣ ಬಳಿದದ್ದು ಅದೇ ಮೊದಲು. ಚಿಕ್ಕವರಿದ್ದಾಗ ನಮ್ಮನ್ನು ಅವಳು ಕುಂಚ ಮುಟ್ಟಗೊಡುತ್ತಿರಲಿಲ್ಲ. ಹಳೆಯ ಸುಣ್ಣದ ಪದರಗಳು ಎಷ್ಟು ದಪ್ಪವಾಗಿದ್ದವೆಂದರೆ ಶಿಲುಬೆಯ ಮೂಲೆಗಳೆಲ್ಲ ಬೆರಳಿನ ತುದಿಯಂತೆ ದುಂಡಗಾಗಿದ್ದವು. ಫಲಕದ ಗುಳಿಯೂ ಹತ್ತಿರಹತ್ತಿರ ತುಂಬಿಹೋಗಿತ್ತು. ಒಳಗಿದ್ದವನು ಯಾರೇ ಇರಲಿ, ಅವನಿಗೆ ಇಷ್ಟು ಸೇವೆ ಸ್ವಂತದವರಿಂದಲೂ ಸಿಗುತ್ತಿರಲಿಲ್ಲ. ಈ ಮಾತನ್ನು ಚಿಗವ್ವನಿಗೆ ಹೇಳಬೇಕೆಂದುಕೊಂಡು ಬಾಯಿ ಮುಚ್ಚಿಕೊಂಡೆ. ಅವಳಿಗೆ ಬೇಕಾಗಿದ್ದದ್ದು ಒಬ್ಬ ಅಜ್ಜ. ಅವನು ಸಿಗಲಿ ಎಂದು ಹೊರಟು, ಇದ್ದವನನ್ನೂ ಕಳೆದು ಬಂದಿದ್ದೆ.

“ಏ, ಆ ಹಿಂದಿನ ಮೂಲಿ ಬಿಟ್ಟೀದಿ” ಎಂದು ಆಟೋದಿಂದ ಕೂಗಿದಳು. “ಮ್ಯಾಲಿಂದ ಕೆಳಗ ಬಳಿ. ಅಡ್ಡ ಬಳದ್ರ ಗೆರಿ ಕಾಣ್ತಾವ. ಮೇಟ್ರನ್ ಆಗಿದ್ಯಂತ.”

ಹಿಂದಿನ ಮೂಲೆಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಬಳಿದೆ. ಬತ್ತಿ ಹಚ್ಚಲೇ ಎಂದು ಕೇಳಿದ್ದಕ್ಕೆ ಅವಳು ಹೂವಿನ ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಹಚ್ಚಿಟ್ಟೆ.

ಚಿಗವ್ವನ ಮನೆಗೆ ಬಂದ ಮೇಲೆ ಗೌಂಡಿ ಕಲ್ಲನ್ನು ಹಿತ್ತಲ ಬಾಗಿಲ ಪಕ್ಕ ಗೋಡೆಗೆ ಆನಿಸಿ ನಿಲ್ಲಿಸಿದ. ಚಹಾ ಕುಡಿದು ಹೋದ. ಹೂವಿನ ಪುಟ್ಟಿ ಅಡುಗೆಮನೆಯ ಕಟ್ಟೆಯ ಮೇಲೆ ಸಂಜೆಯವರೆಗೂ ಹಾಗೇ ಇತ್ತು. ಚಿಗವ್ವ ಊಟ ಮಾಡಿದಳು, ಮಲಗಿದಳು, ಎದ್ದಳು. ಸಂಜೆ ಹಿತ್ತಲಿಗೆ ಬಂದವಳು ಕಲ್ಲಿನ ಮುಂದೆ ನಿಂತು, ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಇಂಗ್ಲಿಷು ಓದಲು ಅವಳಿಗೆ ಬಾರದು.

“ಇದನ್ನ ಮುಚ್ಚಿಡವ್ವ. ಮಳಿ ಬೀಳ್ತೈತಿ” ಅಂದಳು.

ಮನೆಯಲ್ಲಿದ್ದದ್ದು ಮೆಣಸಿನಕಾಯಿಯ ಖಾಲಿ ಚೀಲಗಳೇ. ಒಂದನ್ನು ಕೊಡವಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ಸೀನಿದೆವು. ನಾನು ಮೊದಲು ನಿಲ್ಲಿಸಿದೆ. ಅವಳ ಬೆಕ್ಕಿನ ಕಣ್ಣುಗಳು ಒರೆಸಿದಷ್ಟೂ ಒದ್ದೆಯಾಗುತ್ತಿದ್ದವು. ಅವಳು ಖಾರವನ್ನು ಬೈಯುತ್ತಲೇ ಒಳಗೆ ಹೋದಳು. ಚೀಲವನ್ನು ಕಲ್ಲಿಗೆ ಸುತ್ತಿ, ಹೆಸರು ಒಳಗಾಗುವಂತೆ ಮಾಡಿ, ಮೇಲೆ ಮತ್ತು ಕೆಳಗೆ ಹಗ್ಗ ಬಿಗಿದೆ. ಆಮೇಲೆ ಕುಂಚವನ್ನು ತಿಳಿ ನೀರು ಬರುವ ತನಕ ತೊಳೆದು, ಬಕೆಟ್ಟು ಬೋರಲು ಹಾಕಿ, ಕುಂಚವನ್ನು ಅವಳು ಯಾವಾಗಲೂ ತೂಗುಹಾಕುವ ಮೊಳೆಗೆ ತೂಗುಹಾಕಿದೆ.