ಅಕ್ಕನ ಬೆನ್ನಿನ ಕಾವಿ

“ಯಾರು ಮಾರಾಯ್ರೆ ಇದನ್ನು ಬಳಿದದ್ದು?”

ಮಂಗಳೂರಿನ ಚರ್ಮದ ಡಾಕ್ಟರ್ ಹೀಗೆ ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಅಕ್ಕನ ಬೆನ್ನ ತುಂಬ ಕಾವಿ. ಮೈಮೇಲೆ ನೀರುಗುಳ್ಳೆ ಎದ್ದರೆ ನಮ್ಮ ಮೂಡಿಗೆರೆ ಕಡೆ ಅದು ಸರ್ಪಸುತ್ತು. ಕಾವಿ ಮಣ್ಣು ಬರೆಸಲೇಬೇಕು. ಕರೆದುಕೊಂಡು ಹೋಗಿ ಬರೆಸಿದವನು ನಾನೇ. (ಹೌದು, ಇದೇ ಅಂಕಣದಲ್ಲಿ ಮೂಢನಂಬಿಕೆ ವಿರುದ್ಧ ಭಾಷಣ ಬಿಗಿಯುವ ಅದೇ ನಾನು!)

ಅಕ್ಕನಿಗೆ ಒಂದೇ ಹೆದರಿಕೆ, ಬಯಾಪ್ಸಿ. ಚಾರ್ಮಾಡಿ ಘಾಟಿ ಇಳಿಯುವಷ್ಟು ಹೊತ್ತೂ “ಚರ್ಮ ಕತ್ತರಿಸೋಕೆ ಬಿಡಲ್ಲ” ಅಂತ ಒಂದೇ ರಾಗ. ನಾನು ಮೊಬೈಲಿನಲ್ಲಿ ಓದಿಕೊಂಡಿದ್ದೆ. ಈಗ ಚರ್ಮದ ಮೇಲೆ ಕ್ಯಾಮೆರಾ ಇಟ್ಟರೆ ಸಾಕು, ಗುಳ್ಳೆ ಯಾವ ಪದರದಲ್ಲಿ ಎದ್ದಿದೆ ಅಂತ ಸ್ಕ್ರೀನಿನಲ್ಲಿ ಕಾಣುತ್ತದಂತೆ. ಸೂಜಿಯಿಲ್ಲ, ಕತ್ತರಿಯಿಲ್ಲ. ಹಾಗಂತ ನಂಬಿಸಿಯೇ ಅವಳನ್ನು ಕಾರು ಹತ್ತಿಸಿದ್ದೆ.

ಈಗ ನೋಡಿದರೆ ಕಾವಿಯೇ ಅಡ್ಡ. ನರ್ಸ್ ಒದ್ದೆ ಹತ್ತಿಯಲ್ಲಿ ಒರೆಸಿದರು. ಮಣ್ಣಿನ ಜೊತೆ ಚರ್ಮವೂ ಎದ್ದು ಬಂತು. ಅಕ್ಕ ಕೂಗಲಿಲ್ಲ, ಹಲ್ಲು ಕಚ್ಚಿ ಕೂತಳು. ಥೂ, ನನ್ನ ಬುದ್ಧಿಗಿಷ್ಟು! ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ. ಕೂರಲಾಗಲಿಲ್ಲ.

ಕೊನೆಗೆ ಸೊಂಟದ ಹತ್ತಿರ ಕಾವಿ ಸೋಕದ ಒಂದು ಹೊಸ ಗುಳ್ಳೆ ಸಿಕ್ಕಿತು. ಅದರ ಮೇಲೆ ಕ್ಯಾಮೆರಾ ಇಟ್ಟರು. ಸ್ಕ್ರೀನಿನಲ್ಲಿ ಬೂದು ಪಟ್ಟಿಗಳು, ನಡುವೆ ಗುಳ್ಳೆಯ ಕಪ್ಪು ಪೊಳ್ಳು.

“ಸರ್ಪಸುತ್ತು ಸಾಮಾನ್ಯವಾಗಿ ಒಂದೇ ಬದಿಗೆ ಬರೋದು. ಇವರಿಗೆ ಎರಡೂ ಬದಿ ಉಂಟು,” ಅಂದರು ಡಾಕ್ಟರ್. “ನಮ್ಮ ಮೈಯನ್ನು ಕಾಯುವ ಶಕ್ತಿಯೇ ಚರ್ಮದ ಮೇಲೆ ತಿರುಗಿಬೀಳುವ ಕಾಯಿಲೆ ಇರಬಹುದು. ಬಿಟ್ಟರೆ ಜೀವಕ್ಕೇ ಅಪಾಯ. ಎಲ್ಲಿಂದ ಚೂರು ತೆಗೀಬೇಕು ಅಂತ ಚಿತ್ರ ತೋರಿಸ್ತದೆ. ಖಾತ್ರಿ ಆಗ್ಲಿಕ್ಕೆ ಬಯಾಪ್ಸಿ ಬೇಕೇ ಬೇಕು.”

ಅಕ್ಕ ನನ್ನ ಕಡೆ ತಿರುಗಿದಳು. “ಕತ್ತರಿ ಇಲ್ಲ ಅಂದಿದ್ದೆ ಅಲ್ವೇನೋ?”

ನಾನು ಮತ್ತೆ ಕ್ಯಾಲೆಂಡರ್ ಕಡೆ ತಿರುಗಿದೆ.

“ಅಮ್ಮಾ, ಈ ಕಾಯಿಲೆ ಎಷ್ಟೋ ಸಲ ಬಾಯಲ್ಲೇ ಶುರುವಾಗೋದು. ಬಾಯಲ್ಲಿ ಹುಣ್ಣುಂಟಾ?” ಡಾಕ್ಟರ್ ಕೇಳಿದರು.

“ಎರಡು ತಿಂಗಳಾಯ್ತು. ಖಾರ ಮುಟ್ಟೋಕಾಗಲ್ಲ, ಬರೀ ಗಂಜಿ.”

“ಮನೇಲಿ ಹೇಳ್ಲಿಲ್ವಾ?”

“ಏನಕ್ಕಾ, ಡಯಟ್ಟಾ ಅಂತ ಇವನು ನಗಾಡ್ದ. ಸುಮ್ನಾದೆ.” ಆಮೇಲೆ ತಾನೇ ಸೆರಗು ಸರಿಸಿ, “ತೆಗೀರಿ ಡಾಕ್ಟ್ರೇ,” ಅಂದಳು.

ರಿಪೋರ್ಟ್ ಇನ್ನೂ ಬಂದಿಲ್ಲ. ಫೋನ್ ಸದ್ದಾದರೆ ಮೊದಲು ಓಡುವವನು ನಾನೇ. ಚರ್ಮ ಕತ್ತರಿಸದೆ ಒಳಗೆ ನೋಡುವ ಮೆಷಿನ್ ಬಂದಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ದಿನಾ ಎದುರಿಗೇ ಕೂತು ಊಟ ಮಾಡುವ ಅಕ್ಕನ ಗಂಜಿ ಬಟ್ಟಲು ನೋಡುವುದಕ್ಕೆ ನನಗೆ ಯಾವ ಮೆಷಿನ್ ಬೇಕಿತ್ತು?