ಹಡಗು ಹತ್ತದ ಉಡಿಗಂಟು

ಬನಹಟ್ಟಿಯ ನಮ್ಮ ಓಣಿಯಲ್ಲಿ ಹಡಗು ಹತ್ತಿ ಬಂದ ಮೊದಲ ಮನೆ ನಮ್ಮದೇ ಎಂದು ಜನ ನಂಬಿದ್ದಾರೆ. ಖರೆಯೋ ಸುಳ್ಳೋ, ನಾನಂತೂ ಇಲ್ಲವೆನ್ನಲು ಹೋಗಿಲ್ಲ. ಹಿಟ್ಟಿನ ಗಿರಣಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ನಮ್ಮ ಮಗ್ಗದ ಶೆಡ್ಡಿನ ಬಾಗಿಲಲ್ಲಿ ಯಾರಾದರೊಬ್ಬರು ನನ್ನನ್ನು ತಡೆದು ಕೇಳುತ್ತಾರೆ: “ಅಕ್ಕಾರ, ಮನಿ ಮಂದಿ ಎಲ್ಲಾ ಕೂಡಿ ಹಡಗದಾಗ ಹೋಗಬೇಕಂದ್ರ ಏನೇನ ತಯಾರಿ ಮಾಡ್ಕೋಬೇಕ್ರಿ?”

ನಾನು ಹೇಳುತ್ತೇನೆ. ಕೇಳದಿದ್ದವರಿಗೂ ಹೇಳುತ್ತೇನೆ, ಅದು ನನ್ನ ಸ್ವಭಾವ. ಮುಂಬೈ ಬಂದರಿಗೆ ಹೇಳಿದ ಹೊತ್ತಿಗಿಂತ ಎರಡು ತಾಸು ಮೊದಲೇ ಮುಟ್ಟಿರಿ. ದೊಡ್ಡ ಚೀಲಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ, ಅವು ನಿಮ್ಮ ಕೋಣೆಗೆ ಬರುವುದು ಇಳಿಹೊತ್ತಿಗೆ. ಆದ್ದರಿಂದ ಬಿಪಿ ಗುಳಿಗೆ, ಚಷ್ಮಾ, ಒಂದು ಜೊತೆ ಅರಿವೆ ಕೈಚೀಲದಲ್ಲೇ ಇರಲಿ. ವಯಸ್ಸಾದವರಿದ್ದರೆ ಕಿಟಕಿಯಿಲ್ಲದ ಕೋಣೆ ಹಿಡಿಯಬೇಡಿರಿ, ಕಾಳು ತುಂಬುವ ನೆಲದೊಳಗಿನ ಹಗೇವಿನಲ್ಲಿ ಕೂಡಿಹಾಕಿದಂತಾಗುತ್ತದೆ. ಒಳಗೆ ವಿಪರೀತ ಥಂಡಿ, ಸ್ವೆಟರ್ ಬೇಕು. ಹೊಟ್ಟೆ ತೊಳಸಿದರೆ ಹಸಿ ಶುಂಠಿ ನೆನೆಯಬೇಡಿರಿ, ಅದನ್ನು ಒಯ್ಯಗೊಡುವುದಿಲ್ಲ. ಡಾಕ್ಟರರ ಗುಳಿಗೆಯನ್ನು ಹಡಗು ಹೊರಡುವುದಕ್ಕಿಂತ ಮುಂಚೆಯೇ ನುಂಗಿರಿ. ರೊಟ್ಟಿ, ಶೇಂಗಾ ಚಟ್ನಿ, ಇಸ್ತ್ರಿಪೆಟ್ಟಿಗೆ, ಕರ್ಪೂರ, ಕೊಬ್ಬರಿ ಯಾವುದೂ ನಡೆಯುವುದಿಲ್ಲ.

ಕೊಬ್ಬರಿ ಎನ್ನುವಾಗ ಮಾತ್ರ ನನ್ನ ದನಿ ಸ್ವಲ್ಪ ಇಳಿಯುತ್ತದೆ. ಅದು ಯಾಕೆಂದು ಈತನಕ ಯಾರಿಗೂ ಹೇಳಿಲ್ಲ.

ನಾವು ಹೋದದ್ದು ನಾಲ್ಕು ಜನ. ನಾನು, ನನ್ನ ಯಜಮಾನರು, ಮಗಳು, ಅತ್ತೆ. ಮಗಳನ್ನು ಮುಧೋಳಕ್ಕೆ ಕೊಡುವುದು ನಿಶ್ಚಯವಾಗಿತ್ತು. ಗಂಡನ ಮನೆಗೆ ಹೋಗುವ ಮೊದಲು ನಾಲ್ವರೂ ಕೂಡಿ ಎಲ್ಲಿಗಾದರೂ ಹೋಗಿ ಬರೋಣ ಎಂದಳು. ಮುಂಬೈಯಿಂದ ಗೋವಾಕ್ಕೆ ಹೋಗಿ ತಿರುಗಿ ಬರುವ ಮೂರು ದಿನದ ಹಡಗನ್ನು ಅವಳೇ ಹುಡುಕಿದಳು.

ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಯಿತು. ಅವರ ತವರು ಗಲಗಲಿ. ಕೃಷ್ಣೆಯ ದಂಡೆಯ ಮೇಲೆ ಹುಟ್ಟಿ ಬೆಳೆದವರು, ಆದರೆ ನನಗೆ ತಿಳಿದ ಮಟ್ಟಿಗೆ ಒಮ್ಮೆಯೂ ನಾವೆ ಹತ್ತಿದವರಲ್ಲ. ಅವರು ಒಂಬತ್ತು ವರ್ಷದವರಿದ್ದಾಗ ಅವರ ಅಪ್ಪ ಹೊಳೆ ದಾಟುವಾಗ ನಾವೆ ಮಗುಚಿ ಹೋಗಿಬಿಟ್ಟರು. ಇಷ್ಟು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಇರಬೇಕು, ಬಸ್ಸು ಹೊಳೆಯ ಸೇತುವೆ ಹತ್ತಿತೆಂದರೆ ಇಂದಿಗೂ ಅವರ ಕೈಗಳು ತಾವಾಗಿ ಕೂಡುತ್ತವೆ. ಮನೆಯವರು ಯಾರಾದರೂ ದೊಡ್ಡ ನೀರು ದಾಟುವುದಿದ್ದರೆ ಮೊದಲು ಅಕ್ಕಿ, ಕೊಬ್ಬರಿ ನೀರಿಗೆ ಬಿಟ್ಟು ಗಂಗವ್ವನ ಉಡಿ ತುಂಬಬೇಕು, ಅದು ಅವರ ತವರಿನ ಪದ್ಧತಿ. ಹೊಳೆಯೂ ಒಬ್ಬ ಮುತ್ತೈದೆ, ಬರಿಗೈಲಿ ಅವಳ ಮೈಮೇಲೆ ಹಾದುಹೋಗಬಾರದು ಎನ್ನುತ್ತಿದ್ದರು.

“ನಾ ಬರ್ತೀನಿ, ಆದ್ರ ಹಡಗ ಬಿಡೂಕಿಂತ ಮದಲ ಗಂಗವ್ವಗ ಉಡಿ ತುಂಬ್ತೀನಿ. ಮದವಿ ನಿಶ್ಚೆ ಆದ ಹುಡಗಿ ಐತಿ. ಉಡಿ ತುಂಬಲಾರದ ಅಕಿನ್ನ ಅಷ್ಟ ದೊಡ್ಡ ನೀರಿನ ಮ್ಯಾಲ ಕಳಸಾಂಗಿಲ್ಲ,” ಎಂದರು.

“ಆತ್ರಿ ಅತ್ಯಾರ,” ಎಂದು ನಾನೇ ಹೇಳಿದೆ.

ಹೊರಡುವ ಎರಡು ದಿನ ಮೊದಲೇ ಅವರು ಗಂಟು ಕಟ್ಟಿದರು. ಹಸಿರು ಖಣದ ತುಂಡು, ಅದರೊಳಗೆ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅರಿಷಿಣದ ಬೇರು, ಐದು ಅಡಿಕೆ, ಒಂದು ಜೊತೆ ಹಸಿರು ಬಳೆ. ಗಂಟನ್ನು ತಮ್ಮ ಚೀಲದ ತಳದಲ್ಲಿ ಸೀರೆಗಳ ನಡುವೆ ಇಟ್ಟರು. ಇಟ್ಟ ಮೇಲೂ ದಿನಕ್ಕೆ ನಾಲ್ಕು ಸಲ ಕೈ ಹಾಕಿ ಮುಟ್ಟಿ ನೋಡುತ್ತಿದ್ದರು.

ಹಡಗಿನವರು ಮೊಬೈಲಿಗೆ ಕಳಿಸಿದ ನಿಯಮಗಳನ್ನು ನಾನು ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಓದಿದೆ. ಕೊಬ್ಬರಿ ನಿಷೇಧ. ಸಮುದ್ರಕ್ಕೆ ಏನನ್ನೇ ಎಸೆದರೂ ದಂಡ, ಮುಂದಿನ ಬಂದರಿನಲ್ಲಿ ಇಳಿಸಲೂಬಹುದು. ನನ್ನ ಸಿಟ್ಟು ಮೂಗಿನ ತುದಿಯ ಮೇಲೆಯೇ ಇರುತ್ತದೆ. ಬಂದರಿನಲ್ಲಿ ನಾಲ್ಕು ಮಂದಿಯೆದುರು ಅತ್ತೆಯ ಚೀಲ ಬಿಚ್ಚಿಸಿ, ಅವರು ಅಳುತ್ತ ನಿಂತು, ಬೀಗರ ತನಕ ಸುದ್ದಿ ಹೋಗಿ, ಇದೆಲ್ಲ ಯಾರಿಗೆ ಬೇಕು? ಹೇಳಿದರೆ ಕೇಳುವವರಲ್ಲ, ಬರುವುದೇ ಇಲ್ಲ ಎಂದು ಕುಳಿತುಬಿಡುತ್ತಾರೆ. ಅವರು ಲಿಂಗಪೂಜೆಗೆ ಕುಳಿತಾಗ ಚೀಲದಿಂದ ಗಂಟು ತೆಗೆದು ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಬಸ್ಸಿನ ಡಿಕ್ಕಿ ಸೇರಿದ ಚೀಲ ಬಂದರಿನ ತನಕ ಅವರ ಕೈಗೆ ಸಿಗಲಿಲ್ಲ. ಹಡಗು ಹತ್ತಿದ ಮೇಲೆ ಹೇಗಾದರೂ ಸಮಾಧಾನ ಮಾಡಿದರಾಯಿತು ಎಂದುಕೊಂಡೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಬಂದರಿನ ತಪಾಸಣೆಯಲ್ಲಿ ಯಜಮಾನರು ನನಗೆ ಹೇಳದೆ ತಂದಿದ್ದ ಇಸ್ತ್ರಿಪೆಟ್ಟಿಗೆ ಸಿಕ್ಕಿಬಿತ್ತು. ಅದನ್ನು ತೆಗೆದಿಟ್ಟುಕೊಂಡು ಒಂದು ಚೀಟಿ ಕೊಟ್ಟರು. ಎಲ್ಲರ ಕೊರಳಿಗೂ ಒಂದೊಂದು ಕಾರ್ಡು ಹಾಕಿದರು. ಹಡಗಿನಲ್ಲಿ ಬಾಗಿಲು ತೆರೆಯಲಿಕ್ಕೂ ಅದೇ ಬೇಕು, ಊಟಕ್ಕೂ ಅದೇ ಬೇಕು. ಲಿಂಗದ ಕರಡಿಗೆಯ ಪಕ್ಕದಲ್ಲಿ ಅದು ತೂಗಾಡುವುದನ್ನು ಅತ್ತೆ ಎರಡು ಸಲ ನೋಡಿಕೊಂಡರು.

“ಯವ್ವಾ, ಇದು ಲಿಂಗಕ್ಕ ತಾಕಬಾರದ ನೋಡು,” ಎಂದು ಕಾರ್ಡನ್ನು ಬೆನ್ನ ಹಿಂದೆ ತಿರುಗಿಸಿಕೊಂಡರು. ಮೂರು ದಿನವೂ ಅದು ಬೆನ್ನ ಮೇಲೆಯೇ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ಗಂಟೆ ಹೊಡೆದು ಎಲ್ಲರನ್ನೂ ಒಂದು ಕಡೆ ಸೇರಿಸಿದರು. ಹಡಗಿಗೆ ಅಪಾಯ ಬಂದರೆ ಎಲ್ಲಿ ನಿಲ್ಲಬೇಕು, ತೇಲುವ ಜಾಕೀಟನ್ನು ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸುತ್ತಾರೆ. ಇದನ್ನು ತಪ್ಪಿಸಬೇಡಿರಿ, ಹಾಜರಿ ತೆಗೆದುಕೊಳ್ಳುತ್ತಾರೆ. ಅತ್ತೆ ನನ್ನ ಕಿವಿಯಲ್ಲಿ, “ಮುಳಗೂದು ಗೊತ್ತಿದ್ದ ಕಲಸಾಕತ್ತಾರೇನ ಬೇ?” ಎಂದು ಕೇಳಿದರು. ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. “ನನ್ನ ಚೀಲ ಯಾವಾಗ ಬರತೈತಿ ಕೇಳು. ಹಡಗ ಬಿಡೂದರಾಗ ಬರಬೇಕ,” ಎಂದರು.

ಚೀಲ ಬಂದದ್ದು ಹಡಗು ಹೊರಡಲು ಅರ್ಧ ತಾಸು ಇದ್ದಾಗ. ಅತ್ತೆ ಅದನ್ನು ಹಾಸಿಗೆಯ ಮೇಲೆ ಇಟ್ಟು ಕೈ ಹಾಕಿದರು. ತಳದ ತನಕ ಹೋದ ಕೈ ಅಲ್ಲೇ ನಿಂತಿತು. ಒಂದೊಂದೇ ಸೀರೆ ತೆಗೆದು ಝಾಡಿಸಿದರು. ಎಲ್ಲ ತೆಗೆದ ಮೇಲೆ ಚೀಲವನ್ನೇ ಬೋರಲು ಹಾಕಿದರು. ಒಂದು ಹಣಿಗೆ ಬಿತ್ತು.

“ತಪಾಸಣಿಯವರ ತಗದಿರ್ಬೇಕ ಬಿಡವ್ವಾ,” ಎಂದರು ಯಜಮಾನರು.

“ತಗದ್ರ ನಿನಗ ಕೊಟ್ಟಂಗ ಚೀಟಿ ಕೊಡ್ತಿದ್ರು,” ಎಂದರು ಅತ್ತೆ. “ನಾನ ಮರತ ಬಂದೀನಿ.”

ನನ್ನಂಥ ಬಾಯಿಬಡಕಿಯ ಬಾಯಿಗೆ ಅವತ್ತು ಯಾರು ಬೀಗ ಹಾಕಿದರೋ! ಹೊರಗೆ ಹಡಗು ಸಿಳ್ಳೆ ಹಾಕಿತು. ನೆಲ ಅದುರಿದಂತಾಯಿತು. ಮಗಳು ಬಾಲ್ಕನಿಗೆ ಓಡಿದಳು. ಅತ್ತೆ ಎದ್ದು ಹೋಗಿ ಅವಳ ಓಢಣಿಯ ತುದಿ ಹಿಡಿದು ಒಳಗೆ ಎಳೆದರು. ಆ ತುದಿಯನ್ನು ಮತ್ತೆ ಬಿಡಲೇ ಇಲ್ಲ.

ಹಡಗಿನಲ್ಲಿ ಊಟಕ್ಕೆ ಕೊರತೆಯಿಲ್ಲ. ಸಸ್ಯಾಹಾರಿಗಳಿಗೆ ಬೇರೆ ಸಾಲು ಇರುತ್ತದೆ, ಹೋದ ಕೂಡಲೇ ಕೇಳಿ ತಿಳಿದುಕೊಳ್ಳಿರಿ. ನಾವು ಕೇಳಿದೆವು. ಅತ್ತೆ ಮಾತ್ರ ತಟ್ಟೆ ಮುಟ್ಟಲಿಲ್ಲ. ಸಂಜೆ ಮುಟ್ಟಲಿಲ್ಲ, ಮರುದಿನ ಬೆಳಿಗ್ಗೆಯೂ ಮುಟ್ಟಲಿಲ್ಲ. ನೀರು ಕುಡಿದು ಬಿಪಿ ಗುಳಿಗೆ ನುಂಗಿದರು, ಅಷ್ಟೇ. ಸಮಾಧಾನ ಹೇಳುವುದೂ ನಮಗೆ ಅಷ್ಟಕ್ಕಷ್ಟೇ ಬಂತು. ಯಜಮಾನರು, “ಊರಿಗೆ ಹೋದ ಮ್ಯಾಲ ಕೃಷ್ಣಾ ಹೊಳಿಗೆ ತುಂಬೂಣು. ಅದು ಹರದ ಸಮುದ್ರಕ್ಕ ಬರತೈತಲ್ಲ?” ಎಂದರು.

“ಪಪ್ಪಾ, ಕೃಷ್ಣಾ ಹೋಗೂದು ಆ ಕಡಿ ಸಮುದ್ರಕ್ಕ,” ಎಂದಳು ಮಗಳು. ಜಮಖಂಡಿಯ ಕಾಲೇಜಿನಲ್ಲಿ ಓದಿದ ಹುಡುಗಿ, ಸುಮ್ಮನಿರಬಾರದೇ?

ಗೋವಾ ಬಂತು. ಜನ ಟೊಪ್ಪಿಗೆ ಹಾಕಿಕೊಂಡು ಇಳಿದರು. ನಾವು ನಾಲ್ವರೂ ಕೋಣೆಯಲ್ಲೇ ಇದ್ದೆವು, ಏಕೆಂದರೆ ಓಢಣಿಯ ತುದಿ ಅತ್ತೆಯ ಮುಷ್ಟಿಯಲ್ಲಿತ್ತು. ಮಗಳು ಬೇಸರ ಮಾಡಿಕೊಳ್ಳಲಿಲ್ಲ. ಅಜ್ಜಿಯ ಕಾಲ ಹತ್ತಿರ ಕುಳಿತು, “ಆಯಿ, ಒಂದ ಸಲ ಮರತ್ರ ಏನಾಗತೈತಿ?” ಎಂದು ಕೇಳಿದಳು.

“ಒಂದ ಸಲ ಅಲ್ಲ. ಇದು ಎರಡನೇದು,” ಎಂದರು ಅತ್ತೆ.

ಮೂವತ್ತು ವರ್ಷದ ಸಂಸಾರದಲ್ಲಿ ನಾನು ಕೇಳದೇ ಇದ್ದ ಮಾತನ್ನು ಆಗ ಹೇಳಿದರು. ಅಪ್ಪ ಆಚೆ ದಂಡೆಯ ಸಂತೆಗೆ ಹೊರಟಿದ್ದ. ಹೊಳೆ ತುಂಬಿತ್ತು. ಉಡಿಗಂಟನ್ನು ಬುತ್ತಿಯ ಬುಟ್ಟಿಯಲ್ಲಿಟ್ಟು ದಂಡೆಗೆ ತರುವ ಕೆಲಸ ಮನೆಯ ಸಣ್ಣ ಮಗಳದು. ಇವರು ಬುಟ್ಟಿ ಹೊತ್ತು ಹೋದರು. ಬಟ್ಟೆ ಸರಿಸಿ ನೋಡಿದರೆ ಬುತ್ತಿ ಇತ್ತು, ಗಂಟು ಇರಲಿಲ್ಲ. ಅಪ್ಪ ಬೈಯಲಿಲ್ಲ. “ಇರ್ಲಿ ಬಿಡವ್ವಾ, ಬರೂಮುಂದ ತುಂಬೂಣು,” ಎಂದು ನಾವೆ ಹತ್ತಿದ.

“ಬರಲಿಲ್ಲ,” ಎಂದರು ಅತ್ತೆ. “ಹುಡಗಿ ಆಟದಾಗ ಮರತ್ಳು ಅಂತ ಎಲ್ಲಾರೂ ಅಂದ್ರು. ನಮ್ಮವ್ವ ಒಂದ ಮಾತ ಅನ್ನಲಿಲ್ಲ, ಆದ್ರ ಸಾಯೂತನಕ ನನ್ನ ಮಾರಿ ನೋಡಿ ಮಾತಾಡಲಿಲ್ಲ. ಈಗ ನಿನ್ನ ಪಾಳಿಗೂ ಮರತ್ನಿ ನೋಡ ನನ್ನವ್ವಾ.”

ನನಗೆ ಅಳು ಬಂತು. ನನ್ನ ಮೇಲೆಯೇ ಅಸಹ್ಯವೂ ಆಯಿತು. ಒಂದು ಹಗಲು ಒಂದು ರಾತ್ರಿ ಈ ಮುದುಕಿಯನ್ನು ಉಪವಾಸ ಕೆಡವಿ ನಾನು ಇಡ್ಲಿ ತಿಂದಿದ್ದೆ. ಹೇಳಿದರೆ ಮಗಳ ಎದುರು, ಗಂಡನ ಎದುರು ನನ್ನ ಮುಖ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಅವರ ಮುಂದೆ ನೆಲದ ಮೇಲೆ ಕುಳಿತೆ.

“ಅತ್ಯಾರ, ನೀವು ಮರತಿಲ್ರಿ. ಗಂಟ ನಾ ತಗದೇನಿ. ನೀವು ಪೂಜಿಗೆ ಕುಂತಾಗ ತಗದ ಹಿಟ್ಟಿನ ಡಬ್ಬಿ ಹಿಂದ ಇಟ್ಟೇನ್ರಿ.”

ಯಜಮಾನರು, “ಏನಂದಿ?” ಎಂದು ಎದ್ದರು. ಅತ್ತೆ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಖರೆ ಹೇಳಾಕತ್ತೀಯೇನ ಬೇ? ನನ್ನ ಸಮಾಧಾನಕ್ಕ ಅನ್ನಾಕತ್ತಿಲ್ಲ?”

“ನಿಮ್ಮ ಪಾದದಾಣಿ ಖರೆ ಅತ್ಯಾರ.”

“ಹಂಗಾದ್ರ ನಾ ಇಟ್ಟಿದ್ನಿ.”

“ಇಟ್ಟಿದ್ರಿ. ದಿನಾ ನಾಕ ಸಲ ಮುಟ್ಟಿ ನೋಡಿದ್ರಿ. ನಾ ನೋಡೇನ್ರಿ.”

ಅವರು ಓಢಣಿಯ ತುದಿಯನ್ನು ಬಿಟ್ಟು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿಕೊಂಡರು. ಆಮೇಲೆ, “ಅವತ್ತೂ ಇಟ್ಟಿದ್ನಿ ಬೇ,” ಎಂದರು. “ಬುತ್ತಿ ಮ್ಯಾಲ ಗಂಟ ಇಟ್ಟಿದ್ದು, ಅದರ ಮ್ಯಾಲ ಬಟ್ಟಿ ಹೊಚ್ಚಿದ್ದು ನನ್ನ ಕಣ್ಣಾಗ ಐತಿ. ಮಂದಿ ಎಲ್ಲಾ ಮರತಿ ಮರತಿ ಅಂದ್ರು. ಅಷ್ಟ ಮಂದಿ ಅಂದ ಮ್ಯಾಲ ನಾನೂ ಹೌದ ಅನಕೊಂಡ್ನಿ. ಅವತ್ತೂ ಯಾರರೆ ತಗದಿರ್ಬೇಕು. ಯಾಕ ತಗದ್ರೋ ಏನೋ, ಆದ್ರ ಹೇಳಲಿಲ್ಲ. ನೀ ಹೇಳಿದಿ.”

ನಾನು ಅವರ ಮೊಣಕಾಲ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. ಅವರು ನನ್ನ ಬೆನ್ನ ಮೇಲೆ ಒಂದು ಗುದ್ದು ಗುದ್ದಿದರು, ಮೆಲ್ಲಗಲ್ಲ. “ಇನ್ನೊಮ್ಮೆ ನನ್ನ ಚೀಲಕ್ಕ ಕೈ ಹಾಕಿದೆಂದ್ರ ಕೈ ಮುರೀತೀನಿ. ಏಳು, ಹಸದೈತಿ,” ಎಂದರು. ಅವತ್ತು ಅವರು ಮೂರು ಚಪಾತಿ ತಿಂದು, ಮೊಸರನ್ನ ತಿಂದು, ಹೆಸರು ಗೊತ್ತಿಲ್ಲದ ಒಂದು ಸಿಹಿಯನ್ನು ಎರಡು ಸಲ ಹಾಕಿಸಿಕೊಂಡರು.

ತಿರುಗಿ ಬಂದ ವಾರದೊಳಗೆ ಅದೇ ಗಂಟನ್ನು ಹಿಟ್ಟಿನ ಡಬ್ಬಿಯ ಹಿಂದಿನಿಂದ ತೆಗೆದುಕೊಂಡು ನಾಲ್ವರೂ ಗಲಗಲಿಗೆ ಹೋದೆವು. ಹಳೆಯ ದಂಡೆ ಈಗ ಹಿನ್ನೀರಿನ ಅಡಿಯಲ್ಲಿದೆ. ಮೊಣಕಾಲ ನೀರಿನಲ್ಲಿ ಅತ್ತೆ ಮೊಮ್ಮಗಳ ಕೈ ಹಿಡಿದು ನಿಂತರು. ಗಂಟನ್ನು ನನ್ನಿಂದಲೇ ಬಿಚ್ಚಿಸಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ, ಅಡಿಕೆ, ಬಳೆ ಒಂದೊಂದನ್ನೇ ತಮ್ಮ ಕೈಯಿಂದ ನೀರಿಗೆ ಬಿಟ್ಟರು. ನೀರಿನವ್ವನಿಗೆ ಏನೋ ಹೇಳಿ ಕೈಮುಗಿಯುತ್ತಾರೆ ಎಂದು ನಾವು ಕಾದೆವು. ಅವರು ಗಂಗವ್ವನ ಹೆಸರು ಎತ್ತಲಿಲ್ಲ. ಆಚೆ ದಂಡೆಯ ಕಡೆ ಮುಖ ಮಾಡಿ, ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿ ಹೇಳಿದರು:

“ಅಪ್ಪಾ, ನಾ ಮರತಿರಲಿಲ್ಲೋ.”